ಖಾಲಿ ರಸ್ತಾದಾಗ ಸೈಕಲ್ಲು

ಈ ಸಲ ಅಡಗಿ ಮನಿ ಬಿಟ್ಟು ರಸ್ತಾಕ್ಕ ಬಂದೀನಿ. ಸೈಕಲ್ಲಿನ ಇತಿಹಾಸ ಬರೀಬೇಕು ಅಂತ ಮನಸ್ಸಾಗೇತಿ. ಯಾಕ ಅಂದ್ರ ಕೇಳ್ರಿ.

ನಮ್ಮ ತಂಗಿ ಗಂಡಗ ಕುಮಟಾಕ್ಕ ವರ್ಗಾ ಆಗಿ ಎರಡು ವರ್ಷಾತು. ಹ್ವಾದ ದೀಪಾವಳಿ ಮುಗಿಸಿ ನಾಕು ದಿನ ಅಲ್ಲಿಗೆ ಹೋಗಿದ್ದೆ. ಮುಂಜಾನೆ ಆರಕ್ಕ ತಂಗಿ ಮಗಳು ಸೈಕಲ್ ಹೊರಗ ತಗದು, "ದೊಡ್ಡವ್ವಾ, ನೀನೂ ಬರ್ತಿಯೇನ? ಘಟ್ಟದ ಕಡೆ ಒಂದು ಸುತ್ತು ಹೋಗಿ ಬರೂಣು" ಅಂದ್ಲು. ನಾ ನಕ್ಕು ಸುಮ್ಮನಾದೆ. ಬಾಗಲದಾಗ ನಿಂತು ನೋಡಿದ್ರ ಅಕಿ ಹಿಂದ ಮತ್ತ ಮೂರು ಹುಡಿಗ್ಯಾರು. ಬೆನ್ನ ಹಿಂದ ಸಮುದ್ರ, ಎದುರಿಗೆ ಘಟ್ಟ, ನಡುವ ಗದ್ದಿ, ತೆಂಗು, ಅಡಿಕಿ. ದೊಡ್ಡ ಹೈವೇ ಆ ಕಡೆ ಉಳೀತು, ಇದು ಒಳರಸ್ತಾ. ಅರ್ಧ ತಾಸಿನ್ಯಾಗ ಹಾಲಿನವನ ಒಂದು ಗಾಡಿ ಹ್ವಾತು, ಅಷ್ಟ. "ಹುಷಾರಿ" ಅಂತ ಕೂಗಾವ್ರೂ ಯಾರೂ ಇರಲಿಲ್ಲ. ನನಗ ಹೊಟ್ಟಿಯೊಳಗ ಏನೋ ಒಂಥರಾ ಆತು. ಅದು ಖುಷಿನೋ ಹೊಟ್ಟಿಕಿಚ್ಚೋ ಆಗ ತಿಳೀಲಿಲ್ಲ.

ಸಂಜೀಕ ಚಾ ಕುಡೀತಾ ತಂಗಿ ಗಂಡ ಆ ಸೀಮಿ ಸುದ್ದಿ ಹೇಳಿದ್ರು. ನೂರೈವತ್ತು ವರ್ಷದ ಹಿಂದ ಕಡಲಿಗೂ ಘಟ್ಟಕ್ಕೂ ನಡುವಿನ ಈ ರಸ್ತಾ ಖಾಲಿ ಇರಲಿಲ್ಲಂತ. ಧಾರವಾಡದ ಕಡೆ ಬೆಳೆದ ಹತ್ತಿ ಮೊದಲು ಎತ್ತಿನ ಬೆನ್ನ ಮ್ಯಾಲೆ, ಆಮ್ಯಾಲೆ ಚಕ್ಕಡ್ಯಾಗ ದೇವಿಮನೆ ಘಟ್ಟ ಇಳದು ಕುಮಟಾ ಬಂದರಕ್ಕ ಬರ್ತಿತ್ತು. ಅಲ್ಲಿಂದ ಹಡಗದಾಗ ಮುಂಬೈಗೆ. ಬೆಳೆದಾವ್ರು ನಮ್ಮ ಬಯಲುಸೀಮಿ ರೈತರು, ಆದ್ರ ಪ್ಯಾಟ್ಯಾಗ ಅದರ ಹೆಸರು "ಕುಮಟಾ ಹತ್ತಿ". 1861ರಿಂದ 1865ರ ತನಕ ಅಮೆರಿಕಾದಾಗ ಒಳಜಗಳದ ಯುದ್ಧ ನಡದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತು, ನಮ್ಮ ಹತ್ತಿಗೆ ಬಂಗಾರದ ರೇಟು ಬಂತು. ಅದ ಗದ್ಲದಾಗ 1862ಕ್ಕ ಉತ್ತರ ಕನ್ನಡ ಜಿಲ್ಲಾ ಮದ್ರಾಸ್ ಪ್ರಾಂತ ಬಿಟ್ಟು ಮುಂಬೈ ಪ್ರಾಂತಕ್ಕ ಸೇರ್ತು. ಮುಂದ 1890ರ ಹೊತ್ತಿಗೆ ಹುಬ್ಬಳ್ಳಿಯಿಂದ ಗೋವಾದ ಮರ್ಮಗೋವಾ ಬಂದರಕ್ಕ ರೈಲು ಬಂತು. ಹತ್ತಿ ರೈಲು ಹತ್ತಿತು. ಚಕ್ಕಡಿ ದಾರಿ ತಣ್ಣಗಾದ್ವು.

ಅಂದ್ರ ನೋಡ್ರಿ, ರಸ್ತಾ ತಾನಾಗೆ ಖಾಲಿ ಆಗೂದಿಲ್ಲ. ಗದ್ಲ ಬ್ಯಾರೆ ಕಡೆ ಹೋದಾಗ ಖಾಲಿ ಆಕ್ಕೈತಿ. ಹಂಗ ಖಾಲಿ ಆದ ದಾರ್ಯಾಗ ಹೆಣ್ಣುಮಕ್ಕಳಿಗೆ, ಹುಡುಗರಿಗೆ ಜಾಗಾ ಸಿಗತೈತಿ. ರಾತ್ರಿ ಮಕ್ಕೊಂಡಾಗ ಇದ ತಲ್ಯಾಗ ಕುಂತು ಬಿಡ್ತು.

ಈಗ ಸೈಕಲ್ಲಿಗೆ ಬರ್ತೀನಿ. 1817ರಾಗ ಜರ್ಮನಿಯ ಕಾರ್ಲ್ ಡ್ರೈಸ್ ಅನ್ನಾವ ಕಟಗಿದು ಎರಡು ಗಾಲಿ ಗಾಡಿ ಮಾಡಿದ. ಪೆಡಲ್ ಇರಲಿಲ್ಲ, ಮ್ಯಾಲೆ ಕುಂತು ಕಾಲಿಲೆ ನೆಲ ಒದ್ದು ಓಡಿಸಬೇಕಿತ್ತು. ಆಮ್ಯಾಲೆ ಮುಂದಿನ ಗಾಲಿ ಆಳೆತ್ತರ ಇರೋ ಸೈಕಲ್ ಬಂತು. ಅದನ್ನ ಹತ್ತೋದ ಒಂದು ಸರ್ಕಸ್ಸು, ಬಿದ್ರ ಹಲ್ಲು ಉಳೀತಿರಲಿಲ್ಲ. 1885ರಾಗ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಸರಿಸಮ ಮಾಡಿ, ಹಿಂದಿನ ಗಾಲಿಗೆ ಚೈನು ಹಾಕಿದ. 1888ರಾಗ ಡನ್‌ಲಪ್ ಗಾಳಿ ತುಂಬೋ ಟೈರು ಮಾಡಿದ. ಅಲ್ಲಿಂದ ಲಂಗ ಉಟ್ಟವ್ರೂ ಸೈಕಲ್ ಹತ್ತೋ ಹಂಗಾತು. ಅಲ್ಲಿನ ಹೆಣ್ಣುಮಕ್ಕಳು ಸೈಕಲ್ ಹತ್ತಿದಾಗ ಗಂಡಸರು ನಮ್ಮೂರಿನವರಂಗ ಬಯ್ದಿದ್ರಂತ. ಓದಿ ನಗು ಬಂತು.

ನಮ್ಮ ದೇಶದ್ದೂ ಹೇಳ್ತೀನಿ. 1923ರ ಅಕ್ಟೋಬರದಾಗ ಮುಂಬೈದ ಪಾರ್ಸಿ ಹುಡುಗರು ಸೈಕಲ್ ಮ್ಯಾಲೆ ಜಗತ್ತು ಸುತ್ತಲಿಕ್ಕೆ ಹೊಂಟ್ರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗರಾ ಈ ಮೂರು ಮಂದಿ 71,000 ಕಿಲೋಮೀಟರ್ ತುಳದು 1928ರಾಗ ಮನಿ ಮುಟ್ಟಿದ್ರು. ಆ ಕಾಲಕ್ಕ ನಮ್ಮಲ್ಲಿ ಸೈಕಲ್ ಅಂದ್ರ ಸಾವಕಾರರದು, ಅದೂ ವಿಲಾಯತಿದು. ಸ್ವಾತಂತ್ರ್ಯ ಬಂದ ಮ್ಯಾಲೆ 1951ರಾಗ ಅಟ್ಲಾಸ್, 1956ರಾಗ ಹೀರೋ ಶುರು ಆದ್ವು, ಸೈಕಲ್ ಬಡವರ ಮನಿಗೂ ಬಂತು. ಮದವಿ ಮಾತುಕತ್ಯಾಗ ಹುಂಡಾ ಅಂತ ವಾಚು, ರೇಡಿಯೋ, ಸೈಕಲ್ ಕೇಳೋ ಕಾಲ ನಿಮಗೆಲ್ಲಾ ನೆನಪೈತಿ. ಕೊಡೋದು ಹೆಣ್ಣಿನ ಮನಿಯಿಂದ, ಹೊಡಿಯೋದು ಗಂಡು. ಹಾಲು, ಕಬ್ಬಿನ ಸೋಗಿ, ಹಿಟ್ಟಿನ ಡಬ್ಬಿ ಎಲ್ಲಾ ಅದರ ಮ್ಯಾಲೆ. ನಮ್ಮ ರನ್ನ ಕವಿ ಬಳಿಗಾರರ ಮನಿತನದಾವ ಅಂತೀವಲ್ಲ, ಆಗಿನ ಬಳಿಗಾರರು ಮಲಾರ ಹೆಗಲ ಮ್ಯಾಲೆ ಹಾಕ್ಕೊಂಡು ಊರೂರು ನಡದಿರಬೇಕು. ನಾ ಸಣ್ಣಾಕಿದ್ದಾಗ ನಮ್ಮ ಓಣಿಗೆ ಬರೋ ಬಳಿಗಾರ ಮಲಾರ ಸೈಕಲ್ಲಿಗೆ ಕಟಗೊಂಡು ಬರ್ತಿದ್ದ. ಹೆಂಗಸರ ಕೈಗೆ ಬಳಿ ಬಂದಿದ್ದು ಸೈಕಲ್ ಮ್ಯಾಲೆ, ಅದ ಕೈಗೆ ಹ್ಯಾಂಡಲ್ ಮಾತ್ರ ಸಿಗಲಿಲ್ಲ.

ನನಗ ಸಿಕ್ಕಿತ್ತು, ಸ್ವಲ್ಪ ದಿನ. ಅಣ್ಣ ತಾಸಿನ ಲೆಕ್ಕದಾಗ ಬಾಡಗಿ ಸೈಕಲ್ ತರ್ತಿದ್ದ. ಅವ ಹುಣಚಿ ಗಿಡದ ಬುಡಕ ಗೋಲಿ ಆಡೋ ಹೊತ್ತಿನ್ಯಾಗ ನಾ ಅದನ್ನ ದೂಡಕೊಂಡು ಹೊಳಿ ಕಡೆ ಚಕ್ಕಡಿ ದಾರಿಗೆ ಹೋಗ್ತಿದ್ದೆ. ಮಟಮಟ ಮಧ್ಯಾಹ್ನ, ದಾರ್ಯಾಗ ಒಂದು ನರಪಿಳ್ಳಿ ಇರ್ತಿರಲಿಲ್ಲ. ಸೀಟು ನಿಲಕತಿರಲಿಲ್ಲ, ನಡುವಿನ ನಳಗಿ ಕೆಳಗ ಕಾಲು ತೂರಿಸಿ ಅರ್ಧ ಪೆಡಲ್ ತುಳೀತಿದ್ದೆ. ಲಂಗ ಚೈನಿನ್ಯಾಗ ಸಿಕ್ಕು ಹರೀತು, ಮೊಣಕಾಲು ಕೆತ್ತಿ ಹ್ವಾತು. ಎಂಟು ದಿನಕ್ಕ ಬ್ಯಾಲೆನ್ಸ್ ಬಂತು. ಒಂಬತ್ತನೇ ದಿನ ಧೈರ್ಯ ಬಂದು ಊರ ಅಗಸಿ ಮುಂದ ಹೊಡಕೊಂಡು ಬಂದೆ. ಅಲ್ಲಿಗೆ ಮುಗೀತು ನೋಡ್ರಿ. ಮನಿ ಮುಟ್ಟೋದ್ರಾಗ ಸುದ್ದಿ ಮುಟ್ಟಿತ್ತು. ಅಪ್ಪ ಬಡೀಲಿಲ್ಲ, ಬಯ್ಲಿಲ್ಲ. "ನಾಳಿಂದ ಬ್ಯಾಡ" ಅಂದ್ರು, ಅಷ್ಟ. ಪಿಯುಸಿಗೆ ಮುಧೋಳಕ್ಕ ಬಸ್ಸಿನ್ಯಾಗ ಹ್ವಾದೆ. ಬಸ್ ತಪ್ಪಿದ ದಿನ ಕ್ಲಾಸೂ ತಪ್ಪತಿತ್ತು.

ತಮಿಳುನಾಡಿನ ಪುದುಕೋಟೆ ಸುದ್ದಿ ಓದಿದಾಗ ಅದಕ್ಕ ಕಣ್ಣಾಗ ನೀರು ಬಂತು. 1991ರಾಗ ಅಲ್ಲಿ ಸಾಕ್ಷರತಾ ಚಳವಳಿ ನಡದಾಗ ಕಲೆಕ್ಟರ್ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೋಡಿ ಸೈಕಲ್ಲೂ ಕಲಿಸ್ರಿ ಅಂದ್ರು. ಕೂಲಿ ಹೆಂಗಸರು, ನರ್ಸಮ್ಮಗಳು, ಅಂಗನವಾಡಿ ಟೀಚರಗಳು ಸಾವಿರಗಟ್ಟಲೆ ಕಲ್ತರು. ಲೇಡೀಸ್ ಸೈಕಲ್ ಸಾಲದ ಗಂಡಸರ ಸೈಕಲ್ಲ ತಗೊಂಡ್ರು. ಮುಂದಿನ ನಳಗಿ ಮ್ಯಾಲೆ ಕೂಸಿನ್ನ ಕುಂಡ್ರಿಸಬಹುದು ಅಂತ ಅದ ಚೊಲೋ ಅಂದ್ರಂತ! ನಮ್ಮ ಕರ್ನಾಟಕದಾಗ 2006-07ರಿಂದ ಎಂಟನೇತ್ತೆ ಮಕ್ಕಳಿಗೆ ಸರಕಾರ ಸೈಕಲ್ ಕೊಡಾಕ ಶುರು ಮಾಡ್ತು. ಹಳ್ಳಿ ಹುಡಿಗ್ಯಾರು ಸಾಲಾಗಿ ಸಾಲಿಗೆ ಹೋಗೋದು ನೋಡಿದಾಗ ನಮ್ಮ ಅವ್ವ, "ಈಗ ಯಾರೂ ಬ್ಯಾಡ ಅನ್ನೂದಿಲ್ಲ ನೋಡ" ಅಂದಿದ್ಲು. ನನ್ನ ಕಡೆ ನೋಡದ ಅಂದ್ಲು.

ಸೈಕಲ್ ನಮ್ಮ ಸೀಮಿಗೆ ಹೊಸಾದೇನಲ್ಲ. ಜಾತ್ರಿ ಅಂದ್ರ ತೆರಬಂಡಿ ಶರ್ಯತ್ತಿನ ಜೋಡಿ ಸೈಕಲ್ ಶರ್ಯತ್ತು ಇರಬೇಕು. ಮೈಕಿನ್ಯಾಗ ಹಾಡು ಹಚ್ಚಿ ಹಗಲು ರಾತ್ರಿ ಇಳೀದ ಸೈಕಲ್ ಹೊಡಿಯೋ ಆಟಗಾರರನ್ನ ನೋಡಾಕ ನಾವೆಲ್ಲಾ ಹೋಗಿಲ್ಲೇನು? ಬಾಗಲಕೋಟಿ, ವಿಜಯಪುರದಾಗ ಸೈಕ್ಲಿಂಗ್ ಕಲಿಸೋ ಕ್ರೀಡಾ ನಿಲಯ ಅದಾವ. ಜಮಖಂಡಿ, ವಿಜಯಪುರದ ರಸ್ತಾದಾಗ ದೇಶದ ದೊಡ್ಡ ಸ್ಪರ್ಧಾ ಆಗ್ಯಾವ. ಅವಳಿ ಜಿಲ್ಲಾದ ಒಕ್ಕಲಿಗರ ಮನಿ ಹುಡಿಗ್ಯಾರು ಪದಕ ತಂದಾರ. ಎರಿ ಭೂಮಿ ಸಪಾಟ ರಸ್ತಾ, ಮುಂಜಾನೆ ಗದ್ಲ ಇಲ್ಲ. ಇದ ಅವರ ಮೊದಲನೇ ಗುರು ಅಂತ ನನಗ ಅನಸ್ತೈತಿ.

ಆದ್ರ ಆ ಗುರುನ ಈಗ ಕಳಕೊಳ್ಳಾಕತ್ತೀವಿ. ಕಬ್ಬಿನ ಹಂಗಾಮು ಶುರು ಆತಂದ್ರ ಎರಡೆರಡು ಟ್ರೇಲರ್ ಕಟಗೊಂಡು, ಕಿವಿ ಹರಿಯೋ ಹಂಗ ಹಾಡು ಹಚಗೊಂಡು ಟ್ರಾಕ್ಟರ್ ಬರ್ತಾವ. ಬೈಕಿನವರು ಎಡಕ್ಕೂ ಬಲಕ್ಕೂ ನುಗ್ತಾರ. ನನ್ನ ಮೊಮ್ಮಗಳು ಸೈಕಲ್ ಕೇಳಿದಾಗ ನಾನ ಮೊದಲು "ಬ್ಯಾಡವಾ" ಅಂದೆ. ಅಂದ ಮ್ಯಾಲೆ ಅಪ್ಪನ ದನಿನ ಕೇಳಿದಂಗಾತು. ಅಪ್ಪ ಮಂದಿಗೆ ಅಂಜಿದ್ರು, ನಾ ಟ್ರಾಕ್ಟರಿಗೆ ಅಂಜಿದೆ. ಹುಡುಗಿಗೆ ಎರಡೂ ಒಂದ.

ಕೊಲಂಬಿಯಾ ದೇಶದ ಬೊಗೊಟಾ ಊರಾಗ 1974ರಿಂದ ಒಂದು ಪದ್ಧತಿ ಐತಿ. ಐತವಾರ ಮುಂಜಾನೆ ಏಳರಿಂದ ಮಧ್ಯಾಹ್ನ ಎರಡರ ತನಕ ನೂರು ಕಿಲೋಮೀಟರಿಗೂ ಹೆಚ್ಚು ರಸ್ತಾದಾಗ ಮೋಟಾರು ಗಾಡಿ ಬಂದ್. ಮುದುಕರು, ಹುಡುಗರು, ಸೈಕಲ್ಲಿನವರು ರಾಜ್ಯಭಾರ ಮಾಡ್ತಾರ. ಅಷ್ಟು ದೊಡ್ಡ ಊರಿಗೆ ಆಗೋದು ನಮ್ಮ ಬೆಳಗಲಿ ಓಣಿಗೆ ಆಗಬಾರ್ದೇನು? ನೂರು ಕಿಲೋಮೀಟರ್ ಬ್ಯಾಡ. ಐತವಾರ ಆರರಿಂದ ಎಂಟರ ತನಕ ನಮ್ಮ ನಮ್ಮ ಮನಿ ಗಂಡಸರಿಗೆ ಹೇಳಿ, ನಮ್ಮ ಓಣಿಯಿಂದ ಹೊಳಿ ದಾರಿ ತನಕ ಗಾಡಿ ತರಬ್ಯಾಡ್ರಿ ಅಂದ್ರ ಸಾಕು.

ಕುಮಟಾದಿಂದ ಹೊಂಡೋ ದಿನ ಮುಂಜಾನೆ ತಂಗಿ ಮಗಳ ಸೈಕಲ್ ನಾ ಇಸಗೊಂಡೆ. ಸೀರಿ ನೆರಿಗಿ ಎತ್ತಿ ಸೆಕ್ಕೊಂಡೆ. ನಲವತ್ತು ವರ್ಷ ಆಗಿತ್ರೀ. ಎರಡು ಸಲ ಕಾಲು ನೆಲಕ್ಕ ಊರಿದೆ, ಮೂರನೇ ಸಲಕ್ಕ ಹ್ವಾತು. ತಂಗಿ ಹಿಂದ ಓಡಿ ಬರಾಕತ್ತಿದ್ಲು, "ಅಕ್ಕಾ, ಬಿದ್ದೀ!" ಅಂತ. ಬೀಳಲಿಲ್ಲ. ಅಡಿಕಿ ತ್ವಾಟದ ತಿರುವಿನ ತನಕ ಹೋಗಿ ಬಂದೆ.

ಊರಿಗೆ ಬಂದ ಮ್ಯಾಲೆ ಮೊಮ್ಮಗಳಿಗೆ "ಬ್ಯಾಡ" ಅಂದದ್ದನ್ನ ವಾಪಸ್ ತಗೊಂಡೀನಿ. ಬರೋ ಐತವಾರ ಯಾರ್ಯಾರ ಮನಿ ಹುಡಿಗ್ಯಾರು ಬರ್ತಾರ ಹೇಳ್ರಿ. ಸೊಸ್ತ್ಯಾರು ಬಂದ್ರೂ ನಡೀತೈತಿ. ಗಾಳಿ ಹೊಡಿಯೋ ಪಂಪು ನಮ್ಮ ಮನ್ಯಾಗ ಐತಿ.