ಜಟಕಾ ಕಾಲದ ಕಾಯಿದೆ

ಅಪಘಾತವೆಂಬ ಶಬ್ದವನ್ನು ಪತ್ರಿಕೆಗಳಲ್ಲಿ ನಾವು ನಿತ್ಯ ಓದುತ್ತೇವೆ. ಘಾತವೆಂದರೆ ಹೊಡೆತ, ಕೊಲೆ, ಘಾತಕನೆಂದರೆ ಕೊಲ್ಲುವವನು. ಆದರೆ ಅಪಘಾತವೆಂದೊಡನೆ ಹೊಡೆದ ಕೈ ಮರೆಯಾಗುತ್ತದೆ. ಸಿಡಿಲೆರಗಿದಂತೆ, ಮರ ಉರುಳಿದಂತೆ, ಅದು ಯಾರ ತಪ್ಪೂ ಇಲ್ಲದ ಸಂಗತಿಯಾಗಿಬಿಡುತ್ತದೆ. ಕನ್ನಡ ಪಾಠ ಹೇಳುವ ನಾನು ಈ ಶಬ್ದದ ಬೆನ್ನು ಹತ್ತಿ ಕಾನೂನಿನ ಗ್ರಂಥಗಳವರೆಗೆ ಹೋಗಬೇಕಾಯಿತು.

ಮೆಕಾಲೆಯ ಮುಂದಾಳುತನದಲ್ಲಿ 1837ರಲ್ಲಿ ಸಿದ್ಧವಾದ ದಂಡಸಂಹಿತೆಯ ಕರಡಿನಲ್ಲಿ, ದುಡುಕಿನಿಂದಲೋ ಅಲಕ್ಷ್ಯದಿಂದಲೋ ಪರರ ಪ್ರಾಣ ಕಳೆದವನಿಗೆ ಶಿಕ್ಷೆ ಹೇಳುವ ವಿಧಿಯೊಂದಿತ್ತು. 1860ರಲ್ಲಿ ಸಂಹಿತೆ ಕಾಯಿದೆಯಾದಾಗ ಅದು ಬಿಟ್ಟುಹೋಯಿತು. ಹತ್ತು ವರ್ಷದ ಮೇಲೆ, 1870ರ 27ನೆಯ ಕಾಯಿದೆಯ ಮೂಲಕ, 304-ಎ ಎಂಬ ಬಾಲಂಗೋಚಿಯಾಗಿ ಮರಳಿ ಬಂದಿತು. ಹೆಚ್ಚೆಂದರೆ ಎರಡು ವರ್ಷ ಸೆರೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ. ಇಷ್ಟಾದರೂ ಕೊಡಲೇಬೇಕೆಂಬ ಕನಿಷ್ಠ ಶಿಕ್ಷೆ ಮಾತ್ರ ಇರಲಿಲ್ಲ.

ಅಂದಿನ ನಮ್ಮ ಬೀದಿಗಳಲ್ಲಿ ಏನಿತ್ತು? ಎತ್ತಿನ ಗಾಡಿ, ಜಟಕಾ, ದೊರೆಗಳ ಸಾರೋಟು. ಎರಡು ಸಮನಾದ ಗಾಲಿಗಳ, ಸರಪಳಿಯ ಬೈಸಿಕಲ್ಲು ಇಂಗ್ಲೆಂಡಿನ ಸ್ಟಾರ್ಲಿಯ ಕೈಯಿಂದ ಹೊರಬಂದದ್ದು 1885ರಲ್ಲಿ. ಜರ್ಮನಿಯ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟು ಪಡೆದದ್ದು 1886ರಲ್ಲಿ. ಅಂದರೆ ಕೊಲ್ಲುವ ಯಂತ್ರವೂ ಸಾಯುವ ಸವಾರನೂ ಬೀದಿಗಿಳಿಯುವ ಮೊದಲೇ ದಂಡದ ಅಳತೆ ಗೊತ್ತಾಗಿಹೋಗಿತ್ತು! ಜಟಕಾಕ್ಕೆ ಹೊಲಿದ ಆ ಅಂಗಿಯನ್ನೇ ಲಾರಿಗೆ ತೊಡಿಸಿ ನಾವು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಕಾಲ ಕಳೆದೆವು.

ನಡುವೆ ಏನೂ ಆಗಲಿಲ್ಲವೆಂದಲ್ಲ. 1914ರಲ್ಲಿ ಒಂದು, 1939ರಲ್ಲಿ ಇನ್ನೊಂದು ಮೋಟಾರು ವಾಹನ ಕಾಯಿದೆ ಬಂದಿತು. 1946ರಿಂದ ವಿಮೆ ಕಡ್ಡಾಯವಾಯಿತು. 1956ರ ತಿದ್ದುಪಡಿಯಿಂದ ಪರಿಹಾರ ಕೇಳಲು ಬೇರೆ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. ಸತ್ತವನ ಮನೆಯವರಿಗೆ ಹಣದ ದಾರಿ ತೆರೆಯಿತೆಂಬುದು ನಿಜ, ಅದು ಸಣ್ಣ ಮಾತೂ ಅಲ್ಲ. ಆದರೆ ಆ ಹಣ ಕೊಡುವುದು ವಿಮಾ ಕಂಪನಿ. ಇಂಗ್ಲೆಂಡಿನಲ್ಲಿ, ವಾಹನ ನಡೆಸಿದವನನ್ನು ನರಹತ್ಯೆಯ ಅಪರಾಧಿಯೆನ್ನಲು ಜ್ಯೂರಿಗಳು ಹಿಂಜರಿಯುತ್ತಿದ್ದುದರಿಂದ ಅದೇ 1956ರಲ್ಲಿ ಪ್ರತ್ಯೇಕ ಅಪರಾಧವನ್ನೇ ಸೃಷ್ಟಿಸಿ ಐದು ವರ್ಷದ ಸೆರೆ ಗೊತ್ತುಮಾಡಿದರು.

ನಮ್ಮಲ್ಲಿ ಎರಡು ವರ್ಷವೂ ಕಾಗದದ ಮೇಲಿನ ಮಾತು. ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಒಯ್ದ ಒಂದು ಪ್ರಕರಣ 1987ರಲ್ಲಿ ತೀರ್ಮಾನವಾಯಿತು. ಪ್ರಾಣ ತೆಗೆದ ಚಾಲಕನಿಗೆ ಕೆಳಗಿನ ನ್ಯಾಯಾಲಯ ವಿಧಿಸಿದ್ದು 250 ರೂಪಾಯಿ ಜುಲ್ಮಾನೆ! ಇದು ವಿಚಾರಣೆಯ ಅಣಕವೆಂಬಂತೆ ಮಾತಾಡಿದ ಸುಪ್ರೀಂ ಕೋರ್ಟು ಆರು ತಿಂಗಳ ಕಠಿಣ ಸಜೆಯನ್ನೂ 1,000 ರೂಪಾಯಿ ದಂಡವನ್ನೂ ವಿಧಿಸಿತು. ಕರ್ನಾಟಕದ್ದೇ ಮತ್ತೊಂದು ಪ್ರಕರಣದಲ್ಲಿ, 1998ರಲ್ಲಿ, ಅತಿವೇಗವೊಂದನ್ನೇ ಅಲಕ್ಷ್ಯಕ್ಕೆ ಸಾಕ್ಷಿಯೆನ್ನಲಾಗದೆಂದು ಅದೇ ನ್ಯಾಯಾಲಯ ಹೇಳಿತು. ತರ್ಕ ಸರಿ. ಆದರೆ ಹಿಂದಿನಿಂದ ಬಂದ ಲಾರಿಯನ್ನು ಕಾಣದೆ ಸತ್ತ ಸೈಕಲ್ ಸವಾರನು ಕಟಕಟೆ ಹತ್ತಿ ಬೇರೆ ಸಾಕ್ಷಿ ನುಡಿಯುವುದುಂಟೆ?

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಗೆ ಪತ್ರಿಕೆ ಹಾಕುತ್ತಿದ್ದ ಹುಡುಗ ಬೆಳಗಿನ ಜಾವ ಹೀಗೆಯೇ ತೀರಿಕೊಂಡ. ತೀರ್ಪಿನ ಇಂಗ್ಲಿಷ್ ಪ್ರತಿಯನ್ನು ಓದಿ ಹೇಳೆಂದು ಅವನ ತಂದೆ ನನ್ನಲ್ಲಿಗೆ ತಂದಿದ್ದರು. ಸೆರೆಯಿಲ್ಲ, ಜುಲ್ಮಾನೆ ಮಾತ್ರ. ಮೊತ್ತ ಹೇಳಿದೆ. “ಸೈಕಲ್ಲಿಗೇ ಅಷ್ಟು ಕೊಟ್ಟಿದ್ದೆನಲ್ಲ ಮೇಷ್ಟ್ರೇ” ಎಂದರು. ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ಈ ವಿಧಿಯ ಶಿಕ್ಷೆಯನ್ನು ಶಾಸನಕಾರರು ಮತ್ತೆ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2023ರ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿ ಸೆರೆಯ ಮೇಲ್ಮಿತಿಯನ್ನು ಐದು ವರ್ಷಕ್ಕೇರಿಸಿತು. ಬರಿಯ ಜುಲ್ಮಾನೆಯಲ್ಲಿ ಮುಗಿಸುವ ದಾರಿಯನ್ನೂ ಮುಚ್ಚಿತು. ಕನಿಷ್ಠ ಶಿಕ್ಷೆಯನ್ನು ಅದೂ ಹೇಳಲಿಲ್ಲ. ಪ್ರಾಣ ತೆಗೆದು, ಯಾರಿಗೂ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸೆರೆಯೆಂಬ ಉಪವಿಧಿಯೂ ಅದರಲ್ಲಿತ್ತು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಓಡದೆ ನಿಂತರೆ ಜನ ಹೊಡೆದು ಕೊಲ್ಲುತ್ತಾರೆಂಬ ಅವರ ಅಂಜಿಕೆಯೂ ಸುಳ್ಳಲ್ಲ. ಆ ವರ್ಷ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಅದೊಂದು ಉಪವಿಧಿಯನ್ನು ಮಾತ್ರ ಹೊರಗಿಟ್ಟರು.