ನಾಯಿಗೊಂದು ಹೆಸರು

ಯಶವಂತನಗರದ ಕಡೆ ಕೊಯ್ಲಾದ ಹೊಲಗಳಲ್ಲಿ ಕುರಿ ತರುಬಿದಾಗ ಮೊದಲು ಎದುರಾಗುವುದು ಕುರಿಗಾರನಲ್ಲ, ನಾಯಿ. ಹಲ್ಲು ಕಿರಿದು ಮೇಲೆ ಬರುವ ಅದನ್ನು ಮೂರಡಿ ಎತ್ತರದ ಪೋರನೊಬ್ಬ ಹೆಸರು ಹಿಡಿದು ಗದರಿದರೆ ಸಾಕು, ಬಾಲ ಮುದುರಿಕೊಂಡು ಕಂಬಳಿಯ ಪಕ್ಕ ಕೂತುಬಿಡುತ್ತದೆ. ಇಂಥ ಜೋಡಿಯೊಂದು ನಮ್ಮ ಮಕ್ಕಳ ಐತಿಹಾಸಿಕ ಕಾದಂಬರಿಯೊಳಗೆ ಓಡಾಡಬೇಕು ಎಂಬುದು ನನ್ನ ಹಳೆಯ ಆಸೆ.

ಕನ್ನಡದಲ್ಲಿ ನಾಯಿಯ ಕತೆಗೇನೂ ಬರವಿಲ್ಲ. ಸಾವಿರ ವರ್ಷಕ್ಕೂ ಹಿಂದೆಯೇ ಅದು ಕಲ್ಲೇರಿದೆ. ಮದ್ದೂರು ತಾಲ್ಲೂಕಿನ ಆತಕೂರು ಶಾಸನದ ಕಾಲ ಸುಮಾರು ಕ್ರಿ.ಶ. 950. ತಕ್ಕೋಲಂ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ, ಮೆಚ್ಚಿದ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಬೇಕಾದ್ದು ಕೇಳು ಎಂದ. ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿ ಹೆಬ್ಬಂದಿಯೊಂದರ ಮೇಲೆ ಬಿತ್ತು. ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಗುಡಿಯ ಪೂಜಾರಿಗೆ, ಪಾಪ ತಟ್ಟುತ್ತದೆಂಬ ಕಟ್ಟಳೆ ಬೇರೆ. ಈಗ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನ ಹಟ್ಟಿಯಲ್ಲಿ ಕಾಳಿಗೆ ಕೂಳು ಹಾಕುತ್ತಿದ್ದವರು ಯಾರು? ಮನೆಯ ಯಾವ ಮಗು ಅದರ ಕಿವಿ ಹಿಡಿದು ಆಡುತ್ತಿತ್ತು? ಶಾಸನಕ್ಕೆ ಅದು ಬೇಕಿರಲಿಲ್ಲ.

ಗೊರವ ಎಂದಾಗ ನಮ್ಮ ಕಡೆಯವರಿಗೆ ಹೂವಿನಹಡಗಲಿಯ ಮೈಲಾರ ನೆನಪಾಗುತ್ತದೆ. ಅಲ್ಲಿ ಕಂಬಳಿ ಹೊದ್ದ ಗೊರವರೇ ಮೈಲಾರಲಿಂಗನ ನಾಯಿಗಳು. ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಉಣ್ಣುತ್ತಾರೆ. ಮಕ್ಕಳು ಹೆದರಿಕೊಂಡೇ ನಗುತ್ತಾ ನೋಡುತ್ತಾರೆ.

ಕಾದಂಬರಿಗೆ ಬಂದರೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಣ್ಣ ಮುಂದೆ ನಿಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು. ಬೆನ್ನು ಬಿಡದ ನಾಯಿ ಹುಲಿಯನಿಂದಾಗಿ ಗುತ್ತಿ ಎಂಬವನಿಗೆ ‘ನಾಯಿಗುತ್ತಿ’ ಎಂದೇ ಹೆಸರು ಬಿದ್ದಿದೆ. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವುದನ್ನು ಓದಿದವರು ಮರೆಯಲಾರರು. ಆದರೆ ಅದು ದೊಡ್ಡವರ ಪುಸ್ತಕ. ಹತ್ತರ ಮಗುವಿಗೆ ಕೊಡಲಾಗದು. ತೇಜಸ್ವಿಯವರ ‘ಕರ್ವಾಲೊ’ದ (1980) ನಾಯಿ ಕಿವಿ ಮಾತ್ರ ಹೈಸ್ಕೂಲಿನ ಮಕ್ಕಳಿಗೂ ದಕ್ಕಿತು. ಆ ನಾಯಿಗೆ ಸ್ವಾಮಿಭಕ್ತಿಗಿಂತ ಶಿಕಾರಿಯ ಚಪಲವೇ ಜಾಸ್ತಿ, ಅದಕ್ಕೇ ನನಗೆ ಇಷ್ಟ.

ಗತಕಾಲವನ್ನು ಮಕ್ಕಳಿಗೆ ಹೇಳುವ ಕೆಲಸವೂ ನಡೆದಿದೆ. ಬೊಳುವಾರು ಅವರ ‘ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದು ಮನುಷ್ಯರ ಹೆಗಲ ಮೇಲೆ ನಡೆಯುವ ಇತಿಹಾಸ. ನಾಯಿ-ಮನುಷ್ಯರ ಸಲಿಗೆಯನ್ನು ಮನೆಮನೆಗೆ ಮುಟ್ಟಿಸಿದ್ದು ಕಿರಣ್‌ರಾಜ್ ಅವರ ‘777 ಚಾರ್ಲಿ’ ಚಿತ್ರ (2022). ಅದು ಇವತ್ತಿನ ಕತೆ.

ಹೀಗೆ ಹಳೆಯ ಕಾಲ ಒಂದು ಕಡೆ, ಮಗು ಇನ್ನೊಂದು ಕಡೆ. ಸಾಮಗ್ರಿಯೇನೋ ನಮ್ಮ ಕಾಲಬುಡದಲ್ಲೇ ಇದೆ. ಹಂಪಿಯ ಮಹಾನವಮಿ ದಿಬ್ಬದ ಮೈತುಂಬ ಆನೆ, ಕುದುರೆ, ಬೇಟೆ. ಒಮ್ಮೆ ಪ್ರವಾಸಕ್ಕೆ ಬಂದ ಶಾಲೆಯ ಹುಡುಗಿಯೊಬ್ಬಳು ಅಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಬೇಟೆನಾಯಿಯ ಬೆನ್ನು ಸವರಿ, ‘ಸಾರ್, ಇದ್ರ ಹೆಸರೇನು?’ ಎಂದಳು. ಗೈಡು ಆಗಲೇ ಆನೆಗಳ ಸಾಲಿಗೆ ಹೋಗಿದ್ದ.