ನೀರಿಗೂ ಒಂದು ಜಾಗ ಬೇಕು: ನಮ್ಮ ಬಳ್ಳಾರಿ ಕಡೆಯ ನೆರೆ, ಕೆರೆ ಕಥೆ

1/6
ನಮ್ಮದು ಬರದ ಜಿಲ್ಲೆ, ಇಲ್ಲಿ ಎಲ್ಲಿಯ ನೆರೆ ಅಂತೀರಾ? ಸಿರುಗುಪ್ಪ ಕಡೆ ಹೋಗಿ 2009 ಅಂತ ಒಂದು ಮಾತು ಅಂದು ನೋಡ್ರಿ. ನಮಗೆಲ್ಲ ಆಗ ನಾಲ್ಕೈದು ವರ್ಷ. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ 2ರ ಹೊತ್ತಿಗೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತ್ತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಿರುಗುಪ್ಪದ ಹೊಳೆದಂಡೆ ಊರುಗಳಿಗೆ ನೀರು ನುಗ್ಗಿತು. ಆಚೆ ಮಂತ್ರಾಲಯ, ಕರ್ನೂಲು ಕೂಡ ಮುಳುಗಿದವು.

"ಅಷ್ಟು ದೊಡ್ಡ ಡ್ಯಾಮ್ ಐತಲ್ಲ, ಅದೇನು ಮಾಡ್ತಿತ್ತು?" ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡೋಣ.

2/6
ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿದ್ದಿದ್ದು 1945ರಲ್ಲಿ, ಕೆಲಸ ಮುಗಿದಿದ್ದು 1953ರಲ್ಲಿ. ಆದರೆ ಮ್ಯಾಪ್ ತೆಗೆದು ನೋಡಿ: ಹಗರಿ, ಅಂದ್ರೆ ವೇದಾವತಿ, ತುಂಗಭದ್ರೆಗೆ ಸೇರೋದು ಡ್ಯಾಮಿನ ಕೆಳಗೆ, ಸಿರುಗುಪ್ಪ ಸೀಮೆಯಲ್ಲಿ. ಆ ನೀರನ್ನ ಹೊಸಪೇಟೆಯ ಯಾವ ಗೇಟೂ ತಡೆಯಲ್ಲ. ಬೇಸಿಗೆಯಲ್ಲಿ ಬರೀ ಮರಳಾಗಿ ಕಾಣೋ ಇದೇ ಹಗರಿ 2022ರಲ್ಲಿ ಮತ್ತೆ ಉಕ್ಕಿತು. ಮೇಲೆ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಿದ್ದು ಆ ವರ್ಷವೇ.

3/6
ಕಾಮರ್ಸ್ ಮಂದಿಗೆ ಒಂದು ಲೆಕ್ಕ. ಡಿಪ್ರಿಸಿಯೇಷನ್ ಗೊತ್ತಲ್ಲ? ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡೀತಿತ್ತು. ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಐದರಲ್ಲಿ ಒಂದು ಪಾಲು ಹೋಯ್ತು ಅಂದ್ಕೊಳ್ರಿ. ರೈತರಿಗೆ ಅದು ಎರಡನೇ ಬೆಳೆಯ ನೀರು. ಮಳೆಗಾಲದಲ್ಲಿ ಅದೇ ಜಾಗ ಪ್ರವಾಹ ಹಿಡಿಯೋಕೂ ಬೇಕಿತ್ತು. ಬೇಗ ತುಂಬೋ ಡ್ಯಾಮು ಬೇಗ ಗೇಟು ತೆಗೀಬೇಕು.

2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೇದರ ಚೈನ್ ಕಟ್ ಆಗಿ ಗೇಟೇ ಕೊಚ್ಚಿಹೋಯ್ತು. ಸ್ಟಾಪ್‌ಲಾಗ್ ಕೂರಿಸೋ ತನಕ ಒಂದು ವಾರ ಹೊಳೆದಂಡೆಯವರಿಗೆ ನಿದ್ದೆ ಇಲ್ಲ. ಎಲ್ಲ ನೀರನ್ನೂ ಒಂದೇ ಕಡೆ ನಂಬಿ ಇಟ್ರೆ ಹೀಗೆ.

4/6
ಹಿಂದಿನವರು ನೀರನ್ನ ಹಂಚಿ ಇಡ್ತಿದ್ರು. ಕುರುಗೋಡಿನ ಬಂಡೆಗುಡ್ಡ ನೋಡಿದೀರಲ್ಲ? ಬಂಡೆ ಮೇಲೆ ಬಿದ್ದ ಮಳೆ ಇಂಗಲ್ಲ, ಓಡುತ್ತೆ. ಇಂಥ ಕಡೆ ಓಡೋ ನೀರಿಗೆ ಏರಿ ಕಟ್ಟಿ ಕೆರೆ ಮಾಡೋರು. ತುಂಬಿದ್ರೆ ಕೋಡಿ, ಕೋಡಿ ನೀರು ಕೆಳಗಿನ ಕೆರೆಗೆ. ಒಂದೇ ಗಂಟೆಯಲ್ಲಿ ಹಳ್ಳಕ್ಕೆ ಬರಬೇಕಾದ ನೀರು ದಿನಗಟ್ಟಲೆ ನಿಧಾನಕ್ಕೆ ಬರೋದು.

ವಿಜಯನಗರ ಕಾಲದಲ್ಲಿ ಇದು ಶಾಸ್ತ್ರವೇ ಆಗಿತ್ತು. ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಈಗಿನ ಆಂಧ್ರದ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆ ಕೆರೆಗೆ 12 ಲಕ್ಷಣ, 6 ದೋಷ ಅಂತ ಅದರಲ್ಲಿ ಪಟ್ಟಿ ಇದೆ. ಒಂದು ದೋಷ ಇದು: ಜಾಗ ಕಮ್ಮಿ, ನೀರು ಜಾಸ್ತಿ. ಇವತ್ತು ನಮ್ಮ ಎಷ್ಟು ಕೆರೆಗಳಿಗೆ ಈ ದೋಷವನ್ನ ನಾವೇ ತಂದಿಟ್ಟಿದೀವಿ!

5/6
ಕೆರೆ ಇದ್ರೆ 2009ರ ನೆರೆ ಬರ್ತಿರಲಿಲ್ಲ ಅಂತ ಹೇಳ್ತಿಲ್ಲ. ಅಷ್ಟು ದೊಡ್ಡ ಮಳೆಗೆ ಕೆರೆಗಳೂ ತುಂಬ್ತವೆ. ಏರಿ ನೋಡಿಕೊಳ್ಳದಿದ್ರೆ ಒಡೆದು ಅವೇ ನೆರೆ ತರ್ತವೆ. ಆದರೆ ಹೂಳು ತೆಗೆದ, ಕೋಡಿ ಸರಿ ಇರೋ ಕೆರೆಗಳು ಸಾಧಾರಣ ಮಳೆಯ ಹಾನಿ ಇಳಿಸ್ತವೆ, ದೊಡ್ಡ ಮಳೆಯಲ್ಲಿ ಊರಿನವರು ಸಾಮಾನು ಎತ್ಕೊಂಡು ಹೊರಡೋಕೆ ಒಂದಷ್ಟು ಹೊತ್ತು ಕೊಡ್ತವೆ. ಆ ಹೊತ್ತೇ ಜೀವ.

ಕೆರೆ ಉಳಿಸಿದ ಉದಾಹರಣೆಯೂ ಹತ್ರಾನೇ ಐತೆ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ, 2021ರ ತನಕ ನಮ್ಮ ಜಿಲ್ಲೆಯದೇ. ನೀರಾವರಿಗೆ ಅಂತ ಕಟ್ಟಿದ ಹಳ್ಳಿ ಕೆರೆ, ಈಗ ಪಕ್ಷಿಗಳ ಊರು. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು, ಅಂದ್ರೆ ಜಗತ್ತೇ ಒಪ್ಪಿದ ಜೌಗು ಪ್ರದೇಶ.

6/6
ಬಳ್ಳಾರಿ ಸಿಟಿಯಲ್ಲಿ ನಲ್ಲಚೆರುವು ಅಂತೀವಲ್ಲ, ಚೆರುವು ಅಂದ್ರೆ ತೆಲುಗಲ್ಲಿ ಕೆರೆ. ಇಂಥ ಹೆಸರು ನಿಮ್ಮ ಏರಿಯಾದಲ್ಲೂ ಇರಬಹುದು: ಕೆರೆ, ಕುಂಟೆ, ಕಟ್ಟೆ, ಹಳ್ಳ. ಮನೇಲಿ ಸೈಟ್ ತಗೊಳ್ಳೋ ಮಾತು ಬಂದಾಗ ರೇಟಿನ ಜೊತೆಗೆ ಗ್ರಾಮ ನಕ್ಷೆನೂ ತೆಗೆಸಿ ನೋಡಿ. ನೀಲಿ ಗೆರೆ ಹಾದುಹೋದ ಕಡೆ ಅಗ್ಗಕ್ಕೆ ಸಿಕ್ತು ಅಂತ ಖುಷಿಪಡಬೇಡಿ. ನಕ್ಷೆಯಲ್ಲಿರೋ ದಾರಿಯಲ್ಲೇ ನೀರು ಬರುತ್ತೆ.

ನಿಮ್ಮೂರ ಕೆರೆ ಯಾವುದು, ಈಗ ಹೆಂಗೈತೆ? ಕಾಮೆಂಟಲ್ಲಿ ಬರೀರಿ.